ತಾಳ ನುಂಗದ ಯಂತ್ರ

ಗುಬ್ಬಿಯ ಕಡೆಯ ಒಂದು ಹಳ್ಳಿಯಲ್ಲಿ ಮೂಡಲಪಾಯ ಬಯಲಾಟದ ಹಿರಿಯ ಭಾಗವತರೊಬ್ಬರಿದ್ದರು. ಎಂಬತ್ತರ ವಯಸ್ಸು, ತೆಂಗಿನ ತೋಟದ ಒಕ್ಕಲುತನ. ಇಡೀ ಪ್ರಸಂಗವೊಂದು ಅವರ ಕಂಠದಲ್ಲಿ ಮಾತ್ರ ಉಳಿದಿತ್ತು. ಓಲೆಯಲ್ಲಾಗಲಿ ಪುಸ್ತಕದಲ್ಲಾಗಲಿ ಇರಲಿಲ್ಲ. ಕಲಿಸುವಾಗ ಅವರು ಮಾತಿನಿಂದ ತಿದ್ದುತ್ತಿರಲಿಲ್ಲ. ಕೈಯಲ್ಲಿದ್ದ ಕಂಚಿನ ತಾಳದ ಅಂಚಿನಿಂದ ತಿದ್ದುತ್ತಿದ್ದರು. ಅವರ ಗುರುಗಳು ಅದೇ ತಾಳದಿಂದ ಇವರ ಎರಡು ಹಲ್ಲು ಉದುರಿಸಿದ್ದರಂತೆ. ಆ ಸಂದನ್ನು ತೋರಿಸಿ ಭಕ್ತಿಯಿಂದ ಕೈಮುಗಿಯುತ್ತಿದ್ದರು.

ನಾನು ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಓದಿ, ಆಮೇಲೆ ತುಮಕೂರಿನ ಪಾಲಿಟೆಕ್ನಿಕ್ಕೊಂದರ ಪ್ರಯೋಗಾಲಯದಲ್ಲಿ ಆಯುಷ್ಯ ಸವೆಸಿದವನು. ಎರಡು ಸಾವಿರದ ಇಸವಿ ಕಳೆದ ಹೊಸತು, ಆಗಷ್ಟೇ ನಿವೃತ್ತನಾಗಿದ್ದೆ. ಆ ಪ್ರಸಂಗವನ್ನು ಧ್ವನಿಮುದ್ರಿಸುವುದು ದೇವರು ನನಗೊಪ್ಪಿಸಿದ ಕೆಲಸವೆಂದು ಭಾವಿಸಿ, ಶಿರಾ ಗೇಟಿನ ಅಂಗಡಿಯಲ್ಲಿ ಕೊಂಡ ಹಳೆಯ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ಅವರ ಮನೆಗೆ ಒಯ್ದೆ.

ಭಾಗವತರು ಹಾಡಿದರು, ನಲವತ್ತೈದು ದಾಟಿದ ಅವರ ಮಗ ಮದ್ದಳೆ ನುಡಿಸಿದ. ಮರಳಿ ಕೇಳಿಸಿದಾಗ ಒಂದೆಡೆ ಮದ್ದಳೆಯ ಪೆಟ್ಟೊಂದು ಕಾಣೆಯಾಗಿತ್ತು.

"ತಾಳ ನುಂಗ್ಬುಟ್ಯಲ್ಲೋ," ಎಂದವರೇ ಭಾಗವತರು ಕಂಚಿನ ಅಂಚನ್ನು ಮಗನ ಕಿವಿಯ ಮೇಲೆ ಬೀಸಿದರು. ಮದ್ದಳೆಯ ಬಿಳಿಯ ಚರ್ಮದ ಮೇಲೆ ರಕ್ತ ತೊಟ್ಟಿಕ್ಕಿತು.

"ನಾನ್ ಬಿಟ್ಟಿಲ್ಲ ಕಣಪ್ಪ."

"ಮಿಸೀನ್ ಸುಳ್ಳೇಳ್ತದೇನ್ಲಾ?"

ಮಗ ನನ್ನತ್ತ ನೋಡಿದ. ಯಂತ್ರ ಸುಳ್ಳು ಹೇಳುತ್ತದೆಂದು ನನಗೆ ಗೊತ್ತಿತ್ತು. ಮನೆಯಲ್ಲಿ ಪರೀಕ್ಷಿಸುವಾಗಲೇ ಅಂಥ ತೂತುಗಳನ್ನು ಕೇಳಿದ್ದೆ. ಎರಡನೆಯ ಏಟು ಬೀಳುವ ಮುಂಚೆ ಮಾತಾಡಲು ಸಮಯವೂ ಇತ್ತು. ನನ್ನ ಪಾಂಡಿತ್ಯದ ಮಾನ ಅಡ್ಡ ಬಂತು. ಎರಡನೆಯ ಏಟು ಅದೇ ಕಿವಿಗೆ ಬಿತ್ತು. ಆತ ಆ ಸಂಜೆಯೇ ಹೆಂಡತಿಯೊಡನೆ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಗೆ, ಅವಳ ತವರಿಗೆ ಹೊರಟುಹೋದ. ಆ ಕಿವಿ ಮತ್ತೆ ಕೇಳಲಿಲ್ಲ.

ವಾರದೊಳಗೆ ಭಾಗವತರ ಕಾಲು ಹಿಡಿದು ನಿಜ ಹೇಳಿದೆ. ಅವರು ನಂಬಲಿಲ್ಲ. ನುಂಗದಿರುವ ಯಂತ್ರ ತನ್ನಿ, ಅದರಲ್ಲಿ ಮಗನ ಕೈ ತಪ್ಪದಿದ್ದರೆ ಒಪ್ಪುತ್ತೇನೆ ಎಂದರು.

ಕಂಪ್ಯೂಟರಿನೊಳಗೆ ಪರದೆಯ ಚಿತ್ರ ಬಿಡಿಸುವ, ಗಡಿಯಾರ ತೋರಿಸುವ, ಇಲ್ಲದ ಪ್ರಿಂಟರನ್ನು ಹುಡುಕುವ ಹತ್ತಾರು ಪ್ರೋಗ್ರಾಮುಗಳು ಒಂದೇ ಪ್ರೊಸೆಸರಿಗಾಗಿ ಕಿತ್ತಾಡುತ್ತವೆ. ಆ ಜಗಳದಲ್ಲಿ ಧ್ವನಿಯನ್ನು ಡಿಸ್ಕಿಗೆ ಬರೆಯುವ ಸರದಿ ಅರೆಕ್ಷಣ ತಡವಾದರೆ ಅಷ್ಟು ಧ್ವನಿ ಸತ್ತಂತೆ. ಬೇಕಾದಂತೆ ತಿದ್ದಿಕೊಳ್ಳಲು ಸೋರ್ಸ್ ಕೋಡ್ ಸಹಿತ ಉಚಿತವಾಗಿ ದೊರೆಯುತ್ತಿದ್ದ ಆಪರೇಟಿಂಗ್ ಸಿಸ್ಟಮ್ ಒಂದರ ಸಿ.ಡಿ. ತರಿಸಿದೆ. ಬೆಳಿಗ್ಗೆ ಇಷ್ಟಲಿಂಗಪೂಜೆ ಮುಗಿಸಿ ಕುಳಿತರೆ ಅದರಲ್ಲಿ ಬೇಡದ್ದನ್ನೆಲ್ಲ ಕಡಿಯುವುದೇ ಕೆಲಸ. ಮೌಸ್ ಹೋಯಿತು, ಚಿತ್ರಗಳು ಹೋದವು, ನೆಟ್‌ವರ್ಕ್ ಹೋಯಿತು. ಒಂದೊಂದನ್ನು ಕತ್ತರಿಸುವಾಗಲೂ ಆ ಕಿವಿಯ ರಕ್ತ ಕಣ್ಣಮುಂದೆ ಬರುತ್ತಿತ್ತು, ಕೋಪದಿಂದಲೇ ಕತ್ತರಿಸುತ್ತಿದ್ದೆ. ತಪ್ಪಿ ಬೇಕಾದದ್ದನ್ನೂ ಕಡಿದು, ಯಂತ್ರ ಹೆಣವಾಗಿ ಬಿದ್ದ ದಿನಗಳೆಷ್ಟೋ. ಎಂಟು ತಿಂಗಳಿಗೆ ಒಂದು ಫ್ಲಾಪಿಯಲ್ಲಿ ಹಿಡಿಯುವಷ್ಟು ಉಳಿಯಿತು: ಕೀಲಿಮಣೆ, ಡಿಸ್ಕ್, ಧ್ವನಿ. ಒಂದು ಕೀಲಿ ಒತ್ತಿದರೆ ಮುದ್ರಣ, ಮತ್ತೆ ಒತ್ತಿದರೆ ನಿಲುಗಡೆ. ಕೊನೆಯಲ್ಲಿ, ಎಷ್ಟು ಧ್ವನಿ ನಷ್ಟವಾಯಿತೆಂದು ತೋರಿಸುವ ಒಂದು ಅಂಕಿ.

ಕೊತ್ತಗೆರೆಗೆ ಹೋದಾಗ ಸೊಸೆ ಬಾಗಿಲಲ್ಲೇ ನಿಲ್ಲಿಸಿದಳು. "ಇನ್ನೊಂದ್ ಕಿವಿ ಉಳ್ಕಂಡದೆ. ಅದ್ಕೂ ಬಂದ್ರಾ ಸ್ವಾಮಿ?" ನುಂಗದ ಯಂತ್ರ ಸಿದ್ಧವಾಗಿದೆ ಎಂದೆ. ಗಂಡ ಒಳಗಿನಿಂದ ಅಂಗಿ ತೊಟ್ಟುಕೊಂಡೇ ಬಂದ.

ಮತ್ತೆ ಭಾಗವತರ ಅದೇ ನಡುಮನೆ. ಪ್ರಸಂಗದ ಪೂರ್ವಾರ್ಧ ಮುಗಿಸಿ ಕೇಳಿಸಿದೆ. ಒಂದು ಕಿವಿಯ ಮಗನ ಮದ್ದಳೆಯಲ್ಲಿ ಒಂದು ಪೆಟ್ಟೂ ತಪ್ಪಿರಲಿಲ್ಲ. ಆದರೆ ಒಂದು ಪದದ ನಡುವೆ ಭಾಗವತರ ಕಂಠ ಹಿಂದುಳಿದು, ತಾಳವೊಂದು ಬರಿದಾಗಿ ಹೋಯಿತು. ಎಲ್ಲರಿಗೂ ಕೇಳಿಸಿತು.

"ಇದ್ನೂ ಮಿಸೀನ್ ನುಂಗ್ತಾ?" ಎಂದು ಭಾಗವತರು ಮೆಲ್ಲಗೆ ಕೇಳಿದರು.

ಅವರ ಬೆನ್ನ ಹಿಂದಿನಿಂದ ಮಗ, ಹೌದೆನ್ನಿ ಎಂದು ನನಗೆ ಕಣ್ಣಿನಲ್ಲೇ ಬೇಡಿದ. ಪರದೆಯ ಮೇಲೆ ಸೊನ್ನೆ ನಿಂತಿತ್ತು. ಹಿಂದೊಮ್ಮೆ ನಾನು ಬಾಯಿ ಮುಚ್ಚಿಕೊಂಡದ್ದರ ಫಲ ಅವನ ಕಿವಿಯಲ್ಲಿತ್ತು.

"ಇಲ್ಲ ಯಜಮಾನರೇ. ಇದು ಏನನ್ನೂ ನುಂಗಿಲ್ಲ."

ಅವರು ತಾಳವನ್ನೆತ್ತಿ ಕಣ್ಣಿಗೊತ್ತಿಕೊಂಡರು. ಆಮೇಲೆ ಅದರ ಅಂಚಿನಿಂದ ತಮ್ಮ ಕಿವಿಗೆ ತಾವೇ ಹೊಡೆದುಕೊಂಡರು. ನಾನು ಏಳುವಷ್ಟರಲ್ಲಿ ಇನ್ನೊಂದು. ಹಣ್ಣಾದ ಚರ್ಮ ಸೀಳಿ ಭುಜದವರೆಗೆ ರಕ್ತ ಇಳಿಯಿತು. ಮೂರನೆಯದಕ್ಕೆ ಮಗ ಬಲಗೈ ಅಡ್ಡ ಒಡ್ಡಿದ. ಬೆರಳ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು.

"ಸಾಕ್ ಬುಡಪ್ಪ," ಎಂದ ಅವನು. "ನಂಗೆ ಬಿದ್ದಿದ್ದು ಎರಡೇ ಕಣಪ್ಪ."

ಭಾಗವತರು ತಾಳವನ್ನು ಕೆಳಗಿಟ್ಟರು. ಗಾಯಗಳಿಗೆ ಅರಿಸಿನ ಮೆತ್ತಿ ಬಟ್ಟೆ ಕಟ್ಟಿದ ಮೇಲೆ, ಆಸ್ಪತ್ರೆಗೆ ಹೋಗೋಣವೆಂದು ನಾನು ಅಂಗಲಾಚಿದರೂ ಕೇಳದೆ, ಉಳಿದರ್ಧ ಮುಗಿಸಿಯೇ ಏಳುವುದೆಂದು ತಂದೆ ಮಗ ಇಬ್ಬರೂ ಹಟ ಹಿಡಿದರು. ನಾನು ಕೀಲಿ ಒತ್ತಿದೆ. ಆ ಮುದ್ರಣ ಇಂದಿಗೂ ನನ್ನಲ್ಲಿದೆ. ಅದರ ಉತ್ತರಾರ್ಧದಲ್ಲಿ ಕಂಚಿನ ದನಿಯಿಲ್ಲ. ಮದ್ದಳೆಯ ಎಡಭಾಗ ಮಾತ್ರ ಕೇಳಿಸುತ್ತದೆ.