ತಗಡಿನ ಕಾರ್ಖಾನೆಯ ಮೇಲಿನ ಮನೆ

ನಮ್ಮ ಲಿಫ್ಟ್ ರಿಪೇರಿ ಕೆಲಸಕ್ಕೆ ಯಾವಾಗಲೂ ಇಬ್ಬರು ಬೇಕು. ಒಬ್ಬ ಮೇಲೆ ಮೋಟಾರಿನ ಕೋಣೆಯಲ್ಲಿ, ಇನ್ನೊಬ್ಬ ಕೆಳಗೆ ಲಿಫ್ಟಿನ ತಳದ ಗುಂಡಿಯಲ್ಲಿ. ಹನ್ನೆರಡು ವರ್ಷ ನನ್ನ ಜೊತೆಗಾರನಾಗಿದ್ದವನು ಉದ್ದಣ್ಣ. ಆರಡಿ ಮೀರಿದ ಅವನ ಎತ್ತರಕ್ಕೆ ನಾವಿಟ್ಟ ಹೆಸರು ಅದು. "ಈ ಊರಿನ ಎಲ್ಲಾ ಮಹಡಿನೂ ಹತ್ತಿ ಇಳಿದಿದೀನಿ. ಒಂದಾದ್ರೂ 'ಇಲ್ಲೇ ಇರಪ್ಪ' ಅನ್ಲಿಲ್ಲ ನೋಡು," ಎಂದು ತಾನೇ ನಗುತ್ತಿದ್ದ.

ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾರು. ಅವಳೇ ಅವನನ್ನು ಸಾಕಿದಳು. ಅವನಿಗಾಗಿ ಅವಳು ಮದುವೆಯಾಗಲಿಲ್ಲ, ಆಮೇಲೆ ಅವಳಿಗಾಗಿ ಇವನೂ ಆಗಲಿಲ್ಲ. ಅರವತ್ತೈದು ತುಂಬುವ ಹೊತ್ತಿಗೆ ಅವಳಿಗೆ ನೆನಪು ಕೈಕೊಟ್ಟಿತು. ತಮ್ಮ ಇನ್ನೂ ಬೀದಿಯಲ್ಲಿ ಆಡುತ್ತಿದ್ದಾನೆಂದುಕೊಂಡು ದಿನವಿಡೀ ಕಿಟಕಿಯ ಕಂಬಿ ಹಿಡಿದು ಕೂಗುತ್ತಿದ್ದಳು: "ಪುಟ್ಟಾ, ಊಟಕ್ಕೆ ಬಾರೋ!" ಐವತ್ತು ದಾಟಿದ ಪುಟ್ಟ ಆಗ ಯಾವುದೋ ಕಟ್ಟಡದ ಗುಂಡಿಯಲ್ಲಿ ಗ್ರೀಸು ಬಳಿಯುತ್ತಿರುತ್ತಿದ್ದ.

ಒಂದೇ ವರ್ಷದಲ್ಲಿ ಮೂರು ಮನೆ ಬಿಡಬೇಕಾಯಿತು. ಜಗಳವಾಡಿ ಓಡಿಸಿದವರು ಯಾರೂ ಇಲ್ಲ. "ನಿಮ್ಮಕ್ಕನ ಮೇಲೆ ನಮಗೇನೂ ಬೇಜಾರಿಲ್ಲ ಕಣ್ರೀ. ಆದ್ರೆ ಮಗು ಮಲಗೋದೇ ಇಲ್ಲ, ಏನ್ ಮಾಡೋದು?" ಎಂದು ಎಲ್ಲರೂ ಸಂಕೋಚದಿಂದಲೇ ಹೇಳಿದರು. ನಾಲ್ಕನೆಯ ಮನೆಗಾಗಿ ನಾನೂ ಅವನ ಜೊತೆ ಅಲೆದೆ. ಕೈಗೆಟುಕುವ ಬಾಡಿಗೆಯ ಕಡೆಯೆಲ್ಲ ಪಕ್ಕದ ಮನೆಯವರು ಕೆಮ್ಮಿದರೂ ಕೇಳಿಸುವಂಥ ಗೋಡೆಗಳು. ಗೋಡೆ ಗಟ್ಟಿಯಿದ್ದಲ್ಲಿ ಬಾಡಿಗೆಯೇ ಅವನ ಸಂಬಳವನ್ನು ನುಂಗಿಹಾಕುವಂತಿತ್ತು.

ಕೊನೆಗೆ ಬ್ರೋಕರ್ ತಲೆ ಕೆರೆದುಕೊಂಡು, "ಒಂದಿದೆ. ಅರ್ಧ ಬಾಡಿಗೆ. ಆದ್ರೆ ಕೆಳಗಡೆ ತಗಡು ಕತ್ತರಿಸೋ ಕಾರ್ಖಾನೆ. ಬೆಳಿಗ್ಗೆ ಎಂಟರಿಂದ ಸಂಜೆ ಏಳರ ತನಕ ಕಿವಿ ಹರಿದುಹೋಗತ್ತೆ. ಮೂರು ತಿಂಗಳ ಮೇಲೆ ಯಾರೂ ನಿಂತಿಲ್ಲ," ಎಂದ.

ಉದ್ದಣ್ಣನ ಮುಖ ಅರಳಿತು. ಹೋಗಿ ನೋಡಿದರೆ ಎರಡು ಸಣ್ಣ ಕೋಣೆ, ಕಾಲಿಟ್ಟರೆ ನೆಲವೇ ಜುಮ್ಮೆನ್ನುತ್ತಿತ್ತು. ಅವನು ನಲ್ಲಿ ತಿರುಗಿಸಿಯೂ ನೋಡಲಿಲ್ಲ. ನನ್ನನ್ನು ಕಿಟಕಿಯ ಬಳಿ ನಿಲ್ಲಿಸಿ ತಾನು ಬೀದಿಗಿಳಿದ. ನಾನು ಗಂಟಲು ಹರಿಯುವಂತೆ ಕೂಗಿದೆ. ಏನೂ ಕೇಳಿಸುತ್ತಿಲ್ಲವೆಂದು ಅವನು ಕೆಳಗಿನಿಂದ ಎರಡೂ ಕೈ ಆಡಿಸಿದ.

"ಜನ ಗಾಳಿ ಬೆಳಕು ಕೇಳ್ತಾರೆ. ನೀವೇನ್ರೀ, ಗಲಾಟೆ ಹುಡುಕ್ಕೊಂಡು ಬಂದಿದೀರ?" ಎಂದು ಬ್ರೋಕರ್ ಬೆರಗಾದ.

ಏಳು ತಿಂಗಳು ನೆಮ್ಮದಿಯಾಗಿ ಕಳೆಯಿತು. ಅಕ್ಕ ಕೂಗುತ್ತಿದ್ದಳು, ಯಂತ್ರ ಅವಳಿಗಿಂತ ಜೋರಾಗಿ ಕೂಗುತ್ತಿತ್ತು, ಯಾರದೂ ತಕರಾರಿಲ್ಲ. ಯಂತ್ರ ನಿಂತ ರಾತ್ರಿಗಳಲ್ಲಿ, ರಜೆಯ ದಿನಗಳಲ್ಲಿ ಅವನು ಪಕ್ಕದಲ್ಲೇ ಕುಳಿತು "ಊಟ ಆಯ್ತಕ್ಕಾ" ಅಂದರೆ ಸಮಾಧಾನವಾಗುತ್ತಿದ್ದಳು. ಉದ್ದಣ್ಣ ಬೆಳಿಗ್ಗೆ ಊಟ ಮುಚ್ಚಿಟ್ಟು, ಹೊರಗಿನಿಂದ ಚಿಲಕ ಹಾಕಿ ಬರುತ್ತಿದ್ದ. ಹತ್ತಿರದಲ್ಲಿ ಕೆಲಸವಿದ್ದರೆ ಮಧ್ಯಾಹ್ನ ಓಡಿಹೋಗಿ ನೋಡಿಕೊಂಡು ಬರುತ್ತಿದ್ದ.

ಆ ದಿನ ನಮಗೆ ಊರಿನ ಇನ್ನೊಂದು ತುದಿಯಲ್ಲಿ ಕೆಲಸವಿತ್ತು. ಸಂಜೆ ಅವನು ಬಾಗಿಲು ತೆಗೆದಾಗ ಅಕ್ಕ ಬಚ್ಚಲಲ್ಲಿ ಬಿದ್ದಿದ್ದಳು. ತೊಡೆಯ ಮೂಳೆ ಮುರಿದಿತ್ತು. ಮುಚ್ಚಿಟ್ಟ ಊಟ ಹಾಗೆಯೇ ಇತ್ತು, ಬೆಳಿಗ್ಗೆಯೇ ಬಿದ್ದಿರಬೇಕು. ಕೂಗಿ ಕೂಗಿ ದನಿ ಪೂರ್ತಿ ಹೋಗಿತ್ತು. ಮೇಲೆ ಓಡಿಬಂದ ಕಾರ್ಖಾನೆಯ ಯಜಮಾನ ಹೊಸ್ತಿಲಲ್ಲೇ ನಿಂತು ಕೈ ಮುಗಿದ.

"ದೇವರಾಣೆಗೂ ಒಂದು ಮಾತೂ ಕೇಳಿಸ್ಲಿಲ್ಲ ಕಣ್ರೀ. ಆರು ಜನ ಇಲ್ಲೇ ಕೆಳಗಿದ್ವಿ."

"ಕೇಳಿಸಬಾರ್ದು ಅಂತಾನೇ ಅಲ್ವಾ ಬಂದಿದ್ದು," ಎಂದ ಉದ್ದಣ್ಣ.

ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ದನಿ ಮರಳಲಿಲ್ಲ. ಅವನು ಹತ್ತಿರ ಕುಳಿತರೆ ತುಟಿ ಮಾತ್ರ ಆಡಿಸುತ್ತಿದ್ದಳು. "ಊಟ ಆಯ್ತಕ್ಕಾ. ಹೊಟ್ಟೆ ತುಂಬಾ ಉಂಡೆ," ಎನ್ನುತ್ತಿದ್ದ ಅವನು. ಆ ದಿನಗಳಲ್ಲಿ ಅವನು ಏನಾದರೂ ತಿಂದದ್ದನ್ನು ನಾನು ನೋಡಲಿಲ್ಲ. ಹನ್ನೆರಡನೆಯ ದಿನ ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಳು.

ತಿಂಗಳು ಕಳೆದ ಮೇಲೆ ನಾನೇ ಮಾತೆತ್ತಿದೆ. "ಬೇರೆ ಮನೆ ನೋಡೋಣ ಉದ್ದಣ್ಣ. ಈಗ ನೀನೊಬ್ಬನೇ, ಯಾರೂ ಬೇಡ ಅನ್ನಲ್ಲ."

"ಈ ಸಂಬಳಕ್ಕೆ ಎರಡು ಕೋಣೆ ಇನ್ನೆಲ್ಲಿ ಸಿಗತ್ತೋ?" ಎಂದ. ಒಬ್ಬನಿಗೆ ಎರಡು ಕೋಣೆ ಯಾಕೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಈಗಲೂ ಅಲ್ಲೇ ಇದ್ದಾನೆ. ವಾರಕ್ಕೊಮ್ಮೆ ಕಾರ್ಖಾನೆಗೆ ರಜೆ, ಯಂತ್ರದ ಸದ್ದಿಲ್ಲ. ಅವತ್ತು ಬೆಳಿಗ್ಗೆಯೇ ನಮ್ಮ ಮನೆಗೆ ಬಂದು, ಚಾಪೆ ಹಾಸಿಕೊಂಡು, ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ನನ್ನ ಹೆಂಡತಿ ಊಟಕ್ಕೂ ಕೂಗಿ ಎಬ್ಬಿಸುವುದಿಲ್ಲ.