ಹಾಲಿನವ್ವನ ನಡಿಗೆ

ಮೊನ್ನೆ ಫೋನಿನಲ್ಲಿ ಮಾತಾಡುತ್ತಾ ಒಲೆಯ ಮೇಲೆ ಹಾಲಿಟ್ಟದ್ದನ್ನೇ ಮರೆತೆ. ಉಕ್ಕಿ, ತಳ ಹಿಡಿದು, ಸೀದ ವಾಸನೆ ಮನೆಯನ್ನೆಲ್ಲ ತುಂಬಿತು. ಪಾಕೀಟಿನ ಹಾಲು, ಹೋದರೆ ಹೋಯಿತು. ನಮ್ಮ ಹಾಲಿನವ್ವ ಇದ್ದಿದ್ದರೆ ಮಾತ್ರ, "ಎಮ್ಮಿ ಕಷ್ಟಪಟ್ಟು ಕೊಟ್ಟಿದ್ದು ಯವ್ವಾ, ಒಲಿಗೆ ಕುಡಿಸೀಯಲ್ಲ!" ಎಂದು ಬೈದೇ ಹೋಗುತ್ತಿದ್ದಳು.

ಹೊಸಪೇಟೆಯ ನಮ್ಮ ಓಣಿಗೆ ದಿನಾ ಬೆಳಿಗ್ಗೆ ಕಾಲುವೆ ದಾಟಿ ನಡೆದೇ ಬರುತ್ತಿದ್ದಳು. ಎಪ್ಪತ್ತು ದಾಟಿದ್ದರೂ ಸೊಂಟದ ಮೇಲೆ ಕ್ಯಾನು, ಬಾಯಲ್ಲಿ ಎಲೆಅಡಿಕೆ. ನೀರು ಬೆರೆಸುತ್ತಿದ್ದಳೇ? ಬೆರೆಸುತ್ತಿದ್ದಳು. ಕೇಳಿದರೆ "ಎಮ್ಮಿ ಭಾಳ ನೀರು ಕುಡದೈತಿ" ಎನ್ನುತ್ತಿದ್ದಳು. ಅವಳ ಜೊತೆ ಜಗಳವಾಡದಿದ್ದರೆ ನನಗೆ ಬೆಳಗಾದಂತೆಯೇ ಅನಿಸುತ್ತಿರಲಿಲ್ಲ...

ಒಂದು ವರ್ಷ ಅವಳಿಗೆ ಬೆನ್ನುನೋವು, ಸುಸ್ತು ಶುರುವಾಯಿತು. ವಯಸ್ಸಾಯಿತಲ್ಲ ಎಂದರು ಎಲ್ಲರೂ. ಬಳ್ಳಾರಿಯಲ್ಲಿ ತೋರಿಸಿದಾಗ ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. ಡಾಕ್ಟರು ಔಷಧ ಕೊಟ್ಟು, ಭಾರ ಎತ್ತುವುದು ಬೇಡ, ಆದರೆ ದಿನಾ ನಡೆಯಲಿ, ಈ ವಯಸ್ಸಿನಲ್ಲಿ ಮಲಗಿಬಿಟ್ಟರೆ ಶಕ್ತಿ ತಿರುಗಿ ಬರುವುದು ಕಷ್ಟ ಎಂದಿದ್ದರಂತೆ. ಮಗ ಒಳ್ಳೆಯವನೇ. ಮನೆಗೆ ಬಂದವನೇ ಮಂಚ ಹಾಕಿಸಿದ, ಅವ್ವನ ಚಪ್ಪಲಿ ಎತ್ತಿಟ್ಟ.

ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡಳು. "ಕ್ಯಾನ್ ಬ್ಯಾಡ, ಬರೇ ಕೈಲೇ ನಾಲ್ಕು ಮನಿಗೆ ಹೋಗಿ ಮಾತಾಡಿ ಬರ್ತೀನಿ ಅಂದ್ರೂ ಬಿಡವಲ್ರು ಯವ್ವಾ. ನೀನರ ಹೇಳು."

ಮಗನಿಗೆ ಹೇಳಿದೆ. "ಬ್ಯಾನಿ ಬಿದ್ದ ತಾಯೀನ ಓಣಿ ಓಣಿ ತಿರುಗಸ್ತಾನ ಅಂತ ಮಂದಿ ಆಡ್ಕೊಳ್ಳಲ್ಲೇನ್ರಿ ಅಕ್ಕಾರ?" ಎಂದ. ಆ ಮಂದಿ ಎಂದರೆ ನಾವೇ ತಾನೇ! ನಮ್ಮಲ್ಲಿ ಹಿರಿಯರನ್ನು ಚೆನ್ನಾಗಿ ನೋಡಿಕೊಳ್ಳುವುದೆಂದರೆ ಅವರನ್ನು ಏಳಗೊಡದಿರುವುದು. ಒಂದು ಲೋಟ ನೀರಿಗೂ ಸೊಸೆ ಓಡಿಬರುತ್ತಿದ್ದಳು. ಅವ್ವ ಪುಣ್ಯವಂತೆ ಎಂದು ಓಣಿಯೆಲ್ಲ ಹೊಗಳಿತು.

ಕೆಲವು ತಿಂಗಳ ಮೇಲೆ ಮಗ ಪೇಡೆ ಹಿಡಿದು ಬಂದ. ರಕ್ತದ ರಿಪೋರ್ಟು ಚೆನ್ನಾಗಿತ್ತು, ಕಾಯಿಲೆ ಹತೋಟಿಗೆ ಬಂದಿತ್ತು. ಖುಷಿಯಿಂದ ಓಡಿದೆ. ನನ್ನನ್ನು ಕಂಡು ಅವಳು ಎದ್ದು ನಿಲ್ಲಲು ಹೋದಳು. ಕಡ್ಡಿಯಂತಾಗಿದ್ದ ಕಾಲುಗಳು ಗಡಗಡ ನಡುಗಿ ಕುಸಿದವು. ಸೊಸೆಯೂ ನಾನೂ ಹಿಡಿದು ಕೂರಿಸಿದೆವು.

"ಬ್ಯಾನಿ ಹೋತಂತ ಯವ್ವಾ," ಎಂದಳು. "ಹೋಗೂ ಮುಂದ ಕಾಲೂ ಕರಕೊಂಡು ಹೋಗೈತಿ."

ಮತ್ತೆ ಅವಳು ಏಳಲಿಲ್ಲ. ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿ ಒಂದು ಚಳಿಗಾಲದಲ್ಲಿ ಹೋಗಿಬಿಟ್ಟಳು...

ಮಗ ಈಗಲೂ ಬಜಾರಿನಲ್ಲಿ ಸಿಗುತ್ತಾನೆ. ಅವ್ವನ ಮಾತು ಬಂದರೆ ಕಣ್ಣು ತುಂಬಿಕೊಳ್ಳುತ್ತಾನೆ. "ಕೊನೀತನಕ ಅವ್ವನ ಕಾಲು ನೆಲಕ್ಕ ತಾಗಗೊಡಲಿಲ್ಲ ನೋಡ್ರಿ ಅಕ್ಕಾರ."

ಹೌದಪ್ಪ, ಎನ್ನುತ್ತೇನೆ.