ಹೊಂಬಾಳಮ್ಮನ ಹನ್ನೆರಡನೇ ಅರ್ಜಿ

ಹೊಂಬಾಳಮ್ಮನ ಹನ್ನೆರಡು ಅರ್ಜಿಗಳನ್ನೂ ಬರೆದ ಕೈ ಇದೇ. ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಅಲ್ಲಿನ ಪೊಲೀಸ್ ಹೊರಠಾಣೆಯ ಎದುರು, ಹುಣಸೆಮರದ ಕೆಳಗೆ ಚಾಪೆ ಹಾಸಿ ಕೂತು, ಓದುಬರಹ ಬಾರದವರಿಗೆ ಅರ್ಜಿ ಬರೆದುಕೊಡುವುದು ನನ್ನ ಕಸುಬು. ಬಂದವರೆಲ್ಲ ಕೂತು ಹೇಳುತ್ತಿದ್ದರು. ಹೊಂಬಾಳಮ್ಮ ಮಾತ್ರ ಒಂದು ದಿನವೂ ಕೂರಲಿಲ್ಲ. ಚಾಪೆಯ ಸುತ್ತ ಸುತ್ತುತ್ತ, ಹೇಳಿದ್ದನ್ನೇ ಹೇಳುತ್ತ, ನನಗೂ ತಲೆಸುತ್ತು ಬರಿಸುತ್ತಿದ್ದಳು.

“ಬರ್ಕೊ ಪುಟ್ಟಸ್ವಾಮಿ. ಪಕ್ಕದ್ ಮನೇವ್ರು ಮೊನ್ನೇನೂ ಬಡ್ಕೊಂಡ್ರು, ನಿನ್ನೇನೂ ಬಡ್ಕೊಂಡ್ರು. ನನ್ ಉಳ ಮೇವು ಮುಟ್ನಿಲ್ಲ.”

ಅವಳು ರೇಷ್ಮೆಹುಳು ಸಾಕುವ ವಿಧವೆ. ಮಕ್ಕಳಿಲ್ಲ. ನಡುಮನೆ ತುಂಬ ಹುಳುವಿನ ತಟ್ಟೆಗಳು, ತಾನು ಮಲಗುವುದು ಒಲೆಯ ಮಗ್ಗುಲಲ್ಲಿ. ಹುಳುವಿರುವ ಮನೆಯಲ್ಲಿ ಒಗ್ಗರಣೆ ಹಾಕಬಾರದು, ಪರರು ಕಾಲಿಡಬಾರದು, ಗಟ್ಟಿಯಾಗಿ ಮಾತಾಡಬಾರದು ಎನ್ನುವುದು ನಮ್ಮ ಕಡೆಯ ಕಟ್ಟುಪಾಡು. ಅವಳೋ ಕೆಮ್ಮು ಬಂದರೂ ಬೀದಿಗೆ ಬಂದು ಕೆಮ್ಮುವವಳು.

ಅಂಥವಳ ಗೋಡೆಗೇ ಅಂಟಿಕೊಂಡಿತ್ತು ಕೆಂಪಸಿದ್ದಯ್ಯನ ಮನೆ. ಹೊತ್ತು ಇಳಿಯಿತೆಂದರೆ ಅವನ ಜಗಲಿಯಲ್ಲಿ ನಾಟಕದ ತಾಲೀಮು. ಮದ್ದೂರಿನಿಂದ ಹಾರ್ಮೋನಿಯಂ ಮೇಷ್ಟ್ರು ಬರುತ್ತಿದ್ದರು. ಕೆಂಪಸಿದ್ದಯ್ಯನದು ರಾಜನ ಪಾರ್ಟು. ಮೂರು ವರ್ಷದಿಂದ ಅದೇ ನಾಟಕ, ಅದೇ ಪಾರ್ಟು. ಆಟ ಮಾತ್ರ ಇನ್ನೂ ರಂಗ ಹತ್ತಿರಲಿಲ್ಲ.

ಹುಳುವಿಗೆ ಸೊಪ್ಪು ತಂದುಕೊಡುತ್ತಿದ್ದವನೂ ಅವನೇ! ಅವಳ ತುಂಡು ಹಿಪ್ಪುನೇರಳೆ ತೋಟ ಊರಾಚೆ, ಅವನ ಹೊಲದ ಪಕ್ಕದಲ್ಲಿತ್ತು. ಬೆಳಗ್ಗೆ ತನ್ನ ಕೆಲಸಕ್ಕೆ ಹೋದವನು ಅವಳ ಸೊಪ್ಪನ್ನೂ ಕೊಯ್ದು, ಹೊರೆ ಕಟ್ಟಿ, ಅವಳ ಬಾಗಿಲಲ್ಲಿ ಇಳಿಸಿ ಹೋಗುತ್ತಿದ್ದ. ಸಂಜೆ ಜಗಳ, ಬೆಳಗ್ಗೆ ಸೊಪ್ಪು. ಒಂದಕ್ಕೊಂದು ಸಂಬಂಧವೇ ಇಲ್ಲವೆಂಬಂತೆ ಇಬ್ಬರೂ ನಡೆದುಕೊಳ್ಳುತ್ತಿದ್ದರು.

ಪಟೇಲರಿಗೆ ಎರಡು, ಅಮಲ್ದಾರರಿಗೆ ಮೂರು, ಹೊರಠಾಣೆಗೆ ಆರು ಅರ್ಜಿ ಹೋದವು. ಎಲ್ಲವನ್ನೂ ಕಂಬಿಗೆ ಚುಚ್ಚಿ ಮರೆತರು. ಅವಳಿಗಿಂತ ನನಗೇ ಅವಮಾನವಾಯಿತು. ಬರೆದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾದರೆ ಬರೆಯುವವನಿಗೆ ಉರಿಯುವುದಿಲ್ಲವೇ?

ಹನ್ನೆರಡನೆಯದನ್ನು ಮತ್ತೆ ಹೊರಠಾಣೆಗೇ ಬರೆದದ್ದು ನಲವತ್ತೇಳರ ಸೆಪ್ಟೆಂಬರಿನಲ್ಲಿ. ಸ್ವಾತಂತ್ರ್ಯ ಬಂದು ತಿಂಗಳಾಗಿದ್ದರೂ ನಮ್ಮ ಸೀಮೆಯಲ್ಲಿ ಇನ್ನೂ ಮಹಾರಾಜರ ಆಳ್ವಿಕೆಯಿತ್ತು; ಜವಾಬ್ದಾರಿ ಸರ್ಕಾರಕ್ಕಾಗಿ ಚಳವಳಿ ನಡೆದಿತ್ತು. ಮಂಡ್ಯದಲ್ಲಿ, ಮದ್ದೂರಿನಲ್ಲಿ ಮೆರವಣಿಗೆಗಳು. ಗುಂಪು ಸೇರಕೂಡದೆಂದು ತಮಟೆ ಹೊಡೆಸಿದ್ದರು. ಅವಳು ಎಂದಿನಂತೆ ಸದ್ದಿನ ವಿಷಯ ಹೇಳಿದಳು. ನಾನು ಬರೆದು, ಕೊನೆಗೆ ನನ್ನದೇ ಎರಡು ಸಾಲು ಸೇರಿಸಿದೆ: “ಸದರಿಯವರು ಪ್ರತಿನಿತ್ಯವೂ ಗುಂಪು ಸೇರುತ್ತಾರೆ. ಉದ್ದೇಶವೇನೆಂದು ತಿಳಿಯದು.” ಓದಿ ಹೇಳುವಾಗ ಆ ಎರಡು ಸಾಲು ಬಿಟ್ಟು ಓದಿದೆ. ಅವಳು ಹೆಬ್ಬೆಟ್ಟು ಒತ್ತಿದಳು.

ಅಂದು ಸಂಜೆಯೇ ದಫೇದಾರ ನಾಲ್ಕು ಲಾಠಿಗಳ ಸಮೇತ ಜಗಲಿಗೆ ನುಗ್ಗಿದ. ಮೇಷ್ಟ್ರು ಹಾರ್ಮೋನಿಯಂ ಪೆಟ್ಟಿಗೆ ಎತ್ತಿಕೊಂಡು ಹಿತ್ತಲಲ್ಲಿ ಪರಾರಿ. ನಾಟಕದ ಪುಸ್ತಕವೂ ಅದರೊಳಗೇ ಹೋಯಿತು. ಕೆಂಪಸಿದ್ದಯ್ಯನೂ ಸೇರಿ ಏಳು ಜನ ಲಾಕಪ್ಪಿಗೆ ಬಿದ್ದರು. ಮಾರನೇ ದಿನ ಮಧ್ಯಾಹ್ನ ಲಾರಿ ಬರುತ್ತದೆ, ಚಳವಳಿಯವರ ಜೊತೆ ಜೈಲಿಗೆ ಸಾಗಿಸುತ್ತಾರೆ ಎಂದು ಸುದ್ದಿಯಾಯಿತು.

ಮರುದಿನ ಬೆಳಗ್ಗೆ ಹೊಂಬಾಳಮ್ಮ ಬಾಗಿಲು ತೆಗೆದರೆ ಸೊಪ್ಪಿಲ್ಲ. ಹುಳು ಆಗತಾನೇ ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ಪೊರೆ ಬಿಡಲು ಮೇವು ತೊರೆದು ಕೂರುವುದಕ್ಕೆ ನಮ್ಮಲ್ಲಿ ಜ್ವರವೆನ್ನುತ್ತಾರೆ. ಕೊನೆಯ ಜ್ವರ ಕಳೆದ ಹುಳುವಿನ ಹಸಿವು ಹೇಳತೀರದು. ಒಂದು ದಿನ ಸೊಪ್ಪು ತಪ್ಪಿದರೆ ಗೂಡಿನ ಆಸೆಯನ್ನೇ ಬಿಡಬೇಕು. ಅವಳು ಒಳಗೂ ಹೊರಗೂ ತಿರುಗುತ್ತಿರುವಾಗ ಕೆಂಪಸಿದ್ದಯ್ಯನ ಹೆಂಡತಿ ಚಲುವಮ್ಮ ತಲೆಯ ಮೇಲಿನ ಹೊರೆಯನ್ನು ಬಾಗಿಲಲ್ಲಿ ದೊಪ್ಪನೆ ಹಾಕಿದಳು.

“ಲಾಕಪ್ನಿಂದ ಯೋಳ್ಕಳ್ಸವ್ರೆ. ಉಳ ಜ್ವರ ಎದ್ದವೆ, ಅಕ್ಕಂಗೆ ಸೊಪ್ಪು ತಪ್ಪುಸ್ಬ್ಯಾಡ ಅಂತ.” ಅಷ್ಟೇ ಹೇಳಿ, ಕಣ್ಣೆತ್ತಿಯೂ ನೋಡದೆ ಹೋದಳು.

ಹೊಂಬಾಳಮ್ಮ ಸೊಪ್ಪು ಹರಡಿ ನಿಂತಳಂತೆ. ಹಿಂದಿನ ಸಂಜೆಯಿಂದ ಗೋಡೆಯಾಚೆ ಸದ್ದಿಲ್ಲ. ತಟ್ಟೆಗಳಲ್ಲಿ ಹುಳು ಸೊಪ್ಪು ಕಡಿಯುವುದೊಂದೇ ಕೇಳುತ್ತಿತ್ತು. ಬಯಸಿದ್ದ ನಿಶ್ಶಬ್ದ ಸಿಕ್ಕ ಬೆಳಗ್ಗೆಯೇ ಅದು ಅವಳಿಗೆ ಬೇಡವಾಯಿತು. ನೇರ ಠಾಣೆಗೆ ಬಂದಳು.

“ಬುದ್ಧಿ, ಅದು ನಾಟ್ಕ. ಬುಟ್ಬುಡಿ ಅವ್ರ್ನ.”

“ನಾಟಕವಾದರೆ ಪುಸ್ತಕ ತೋರಿಸು,” ಅಂದ ದಫೇದಾರ. “ಗುಂಪು ಸೇರುತ್ತಾರೆ, ಉದ್ದೇಶ ತಿಳಿಯದು ಅಂತ ನೀನೇ ಬರೆಸಿದ್ದೀಯಲ್ಲ? ಕೆಳಗೆ ನಿನ್ನದೇ ಹೆಬ್ಬೆಟ್ಟು.”

“ಗುಂಪು ಅಂತ ನಾನ್ ಯೋಳ್ನಿಲ್ಲ.”

ಹಾಗಂದವಳು ತಿರುಗಿ, ಬೀದಿಯಾಚೆ ಹುಣಸೆಮರದ ಕಡೆ ನೋಡಿದಳು. ನಾನು ಎದ್ದು ಹೋಗಿ ‘ಅದು ನನ್ನ ಕೈಕೆಲಸ ಸ್ವಾಮಿ’ ಅನ್ನಬೇಕಿತ್ತು. ಅನ್ನಲಿಲ್ಲ. ಹೆದರಿದೆ. ಮಸಿಕುಡಿಕೆಯ ಮುಚ್ಚಳ ತಿರುಗಿಸುತ್ತ ತಲೆ ತಗ್ಗಿಸಿ ಕೂತೆ.

ಆಗ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಒಮ್ಮೆ ಕೆಮ್ಮಿ, ಠಾಣೆಯ ಅಂಗಳದಲ್ಲಿ ನಿಂತು, “ಯಾರಲ್ಲಿ! ಮಂತ್ರಿಯನ್ನು ಕರೆತನ್ನಿ!” ಎಂದು ಗುಡುಗಿದಳು. ನನ್ನ ಕೈಯಿಂದ ಮುಚ್ಚಳ ಜಾರಿತು. ರಾಜನ ಮಾತು ಮುಗಿಸಿ ಮಂತ್ರಿಯಾದಳು, ರಾಣಿಯಾಗಿ ಅತ್ತಳು, ಪದಗಳನ್ನು ಎಳೆದೆಳೆದು ಹಾಡಿದಳು, ನಡುನಡುವೆ ಹಾರ್ಮೋನಿಯಂನ ಪೊಂಯ್ ಪೊಂಯ್ ಕೂಡ ಬಾಯಲ್ಲೇ. ಮೂರು ವರ್ಷ ಗೋಡೆ ದಾಟಿ ಬಂದದ್ದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಮಂತ್ರಿಯ ಪಾರ್ಟಿನ ಮುದ್ದಯ್ಯ ತಡೆಯಲಾರದೆ ಲಾಕಪ್ಪಿನೊಳಗಿಂದಲೇ “ಅಪ್ಪಣೆ ಪ್ರಭು!” ಅಂದುಬಿಟ್ಟ. ಬೀದಿಯೆಲ್ಲ ಬೇಲಿಗೆ ಬಂದು ನಿಂತಿತು. ಕಾನ್‌ಸ್ಟೇಬಲ್ಲುಗಳು ನಗು ತಡೆಯಲು ಗೋಡೆಗೆ ಮುಖ ಮಾಡಿದರು.

“ಸಾಕು ನಿಲ್ಲಿಸಮ್ಮ! ಇದೇನು ಠಾಣೆಯೋ ಟೆಂಟೋ?” ದಫೇದಾರ ಕಿವಿ ಮುಚ್ಚಿಕೊಂಡ.

“ಇನ್ನೂ ಯುದ್ಧದ ಸೀನೈತೆ ಬುದ್ಧಿ,” ಅಂದಳು.

ಲಾರಿ ಬರುವ ಮೊದಲೇ ಏಳು ಜನರಿಂದಲೂ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಹೊರಬಂದ ಕೆಂಪಸಿದ್ದಯ್ಯನ ಹಣೆಯ ಮೇಲೆ ಲಾಠಿಯ ಬಾಸುಂಡೆ. ಅವಳು ಅದನ್ನು ಮುಟ್ಟಲು ಕೈ ಚಾಚಿ ಹಿಂದೆಗೆದಳು. ಅವನೇ ಮಾತು ತೆಗೆದ.

“ಎಲ್ಡ್ನೇ ಪದ್ದಲ್ಲಿ ಒಂದ್ ಸಾಲು ಬುಟ್ಬುಟ್ಟೆ ಕಣಕ್ಕ.”

“ನಾನ್ ಬುಟ್ನಾ? ನೀನೇ ಕಣ್ಲಾ ಮೂರ್ ವರ್ಸ್ದಿಂದ ಬುಡ್ತಿರೋದು,” ಅಂದಳು. ಅಂದವಳೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಹೋಗುವಾಗ ನನ್ನ ಚಾಪೆಯ ಮುಂದೆ ಬಂದು ನಿಂತಳು. ಸುತ್ತಲಿಲ್ಲ, ಬೈಯಲಿಲ್ಲ. ನನ್ನ ಬಲಗೈಯನ್ನೇ ಒಂದು ಗಳಿಗೆ ನೋಡಿದಳು.

“ಅವ್ರ್ ಬಾಯಾದ್ರೂ ಊರ್ಗೆಲ್ಲ ಕೇಳ್ತದೆ ಕಣಪ್ಪ. ನಿನ್ ಕೈ ಮಾಡಿದ್ದು ನನ್ಗೇ ಕೇಳ್ನಿಲ್ಲ.”

ಆಮೇಲೆ ಅವಳು ನನ್ನಿಂದ ಅರ್ಜಿ ಬರೆಸಲಿಲ್ಲ. ತಾಲೀಮಿನ ಸದ್ದು ಜೋರಾದರೆ ಒನಕೆಯಿಂದ ಗೋಡೆ ಗುದ್ದುತ್ತಿದ್ದಳು. ಕೆಂಪಸಿದ್ದಯ್ಯ ಸಾಲು ಬಿಟ್ಟರೂ ಗುದ್ದುತ್ತಿದ್ದಳು. ನಾನಂತೂ ಯಾರ ಅರ್ಜಿಯನ್ನೇ ಬರೆಯಲಿ, ಮೂರು ಸಲ ಪೂರ್ತಿ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸುವುದಿಲ್ಲ.